ಚಾಕೊಲೇಟ್ ರ‍್ಯಾಪರ್‌ನ ಹಿಂಬದಿ ಓದುವುದು ಹೇಗೆ?

ಚಾಕೊಲೇಟ್ ರ‍್ಯಾಪರ್‌ನ ಮುಂಬದಿಯಲ್ಲಿ ಹಾಲು ಸುರಿಯುತ್ತಿರುತ್ತದೆ, ಬಾದಾಮಿ ಹಾರಾಡುತ್ತಿರುತ್ತದೆ, ‘ರಿಚ್’, ‘ಪ್ರೀಮಿಯಂ’ ಎಂಬ ಪದಗಳು ಹೊಳೆಯುತ್ತಿರುತ್ತವೆ. ಅದು ಮಾರಾಟ ವಿಭಾಗದವರ ಕೆಲಸ. ಹಿಂಬದಿ ಕಾನೂನಿಗೆ ಹೆದರಿ ಬರೆದದ್ದು. ಅಕ್ಷರ ಚಿಕ್ಕದು, ಬಣ್ಣದ ಮೇಲೆ ಬಣ್ಣ. ಸಾಲದ್ದಕ್ಕೆ ಪ್ಯಾಕೆಟ್ ಅಂಟಿಸಿದ ಪಟ್ಟಿ ನೆಟ್ಟಗೆ ಅಂಕಿಗಳ ಮೇಲೇ ಬಂದು ಕೂತಿರುತ್ತದೆ. ಆ ಪಟ್ಟಿಯನ್ನು ಉಗುರಿನಿಂದ ಎತ್ತಿ ಪಕ್ಕಕ್ಕೆ ಒತ್ತಿ, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಬೇಕಾದ್ದೆಲ್ಲ ಅಲ್ಲೇ ಇದೆ. ಓದುವ ಕ್ರಮ ಗೊತ್ತಿದ್ದರೆ ಐದು ನಿಮಿಷದ ಕೆಲಸ.

ಶುರು ಮಾಡುವ ಮೊದಲು ಒಂದು ಮಾತು. ಚಾಕೊಲೇಟಿನಲ್ಲಿ ಕಬ್ಬಿಣ ಇದೆ, ಮೆಗ್ನೀಸಿಯಂ ಇದೆ, ಕ್ಯಾಲ್ಸಿಯಂ ಇದೆ ಎನ್ನುವುದೆಲ್ಲ ನಿಜವೇ. ಆದರೆ ಹಬ್ಬದ ಹೋಳಿಗೆಯನ್ನು ಯಾರೂ ಬೇಳೆಯ ಪ್ರೋಟೀನಿಗಾಗಿ ತಿನ್ನುವುದಿಲ್ಲ. ಚಾಕೊಲೇಟ್ ಕೂಡ ಸಿಹಿತಿಂಡಿಯೇ. ಹಾಗಾಗಿ ಇಲ್ಲಿ ಹುಡುಕುತ್ತಿರುವುದು ಪೋಷಕಾಂಶವನ್ನಲ್ಲ. ಎಷ್ಟು ಸಕ್ಕರೆ, ಯಾವ ಕೊಬ್ಬು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು.

ಮೊದಲು ತೂಕ, ಆಮೇಲೆ ಉಳಿದದ್ದು

ಎಲ್ಲರ ಕಣ್ಣು ಮೊದಲು ಹೋಗುವುದು ಕ್ಯಾಲರಿಗೆ. ಅಲ್ಲಿಗೆ ಹೋಗಬೇಡಿ. ‘ನೆಟ್ ಕ್ವಾಂಟಿಟಿ’ ಎಂದು ಬರೆದಿರುವಲ್ಲಿ ಇಡೀ ಬಾರ್ ಎಷ್ಟು ಗ್ರಾಂ ಎಂದು ನೋಡಿ. ಅದಾದ ಮೇಲೆ ‘ಸರ್ವಿಂಗ್ ಸೈಜ್’ ಅಥವಾ ‘ಪರ್ ಸರ್ವ್’ ಹುಡುಕಿ. ಒಂದು ಸಲಕ್ಕೆ ನೀವು ಇಷ್ಟು ತಿನ್ನುತ್ತೀರಿ ಎಂದು ಕಂಪನಿ ಇಟ್ಟುಕೊಂಡ ಲೆಕ್ಕ ಅದು. 40 ಗ್ರಾಂ ಬಾರ್‌ಗೆ 10 ಗ್ರಾಂ ಸರ್ವ್ ಎಂದು ಬರೆದಿದ್ದರೆ, ಬಾರ್‌ನ ಕಾಲು ಭಾಗ ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮಡಚಿಡುತ್ತೀರಿ ಎಂದು ಅವರು ನಂಬಿದ್ದಾರೆ. ಅಥವಾ ನಂಬಿದಂತೆ ನಟಿಸಿದ್ದಾರೆ.

ಇದರ ಪರಿಣಾಮ ಪಕ್ಕದ ಕಾಲಂನಲ್ಲಿ ಕಾಣುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲಿ ತಂದ ಲೇಬಲಿಂಗ್ ನಿಯಮಗಳ ಪ್ರಕಾರ, ಒಂದು ಸರ್ವ್‌ನಿಂದ ದಿನದ ಮಿತಿಯ ಶೇಕಡ ಎಷ್ಟು ಭರ್ತಿಯಾಗುತ್ತದೆ ಎಂದು ತೋರಿಸಬೇಕು. ಅದೇ ‘ಶೇಕಡ ಆರ್‌ಡಿಎ’. ದಿನಕ್ಕೆ 2000 ಕಿಲೊಕ್ಯಾಲರಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತುಪ್ಪದಂತೆ ಗಟ್ಟಿಯಾಗುವ ಬಗೆಯದು), 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ: ಈ ಅಂಕಿಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇದು ಸರಾಸರಿ ವಯಸ್ಕರ ಲೆಕ್ಕ, ಆರು ವರ್ಷದ ಮಗುವಿನದ್ದಲ್ಲ. ಸರ್ವ್ ಚಿಕ್ಕದಾದಷ್ಟೂ ಶೇಕಡ ಚಿಕ್ಕದಾಗಿ ಕಾಣುತ್ತದೆ. ಅದೇ ಬಾರ್‌ನ ಸೇರಿಸಿದ ಸಕ್ಕರೆ 10 ಗ್ರಾಂ ಸರ್ವ್‌ಗೆ ಶೇ 9 ಎಂದು ಮುದ್ದಾಗಿ ಕೂತಿರುತ್ತದೆ; ಇಡೀ ಬಾರ್ ತಿಂದವರಿಗೆ ಶೇ 36.

ಆದ್ದರಿಂದ ‘ಪರ್ ಸರ್ವ್’ ಕಾಲಂ ಬಿಟ್ಟು ‘ಪರ್ 100 ಗ್ರಾಂ’ ಕಾಲಂ ಹಿಡಿಯಿರಿ. ಅದನ್ನು ನೀವು ನಿಜವಾಗಿ ತಿನ್ನುವ ತೂಕದಿಂದ ಗುಣಿಸಿ 100ರಿಂದ ಭಾಗಿಸಿ. ಎರಡು ಬ್ರ್ಯಾಂಡ್ ಹೋಲಿಸುವಾಗಲೂ ಇದೊಂದೇ ದಾರಿ, ಏಕೆಂದರೆ ಒಬ್ಬರ ಸರ್ವ್ ಇನ್ನೊಬ್ಬರದ್ದಕ್ಕೆ ಸಮ ಇರಬೇಕೆಂದಿಲ್ಲ.

ಅಂಕಿಗಳನ್ನು ಒಮ್ಮೆ ಕೂಡಿ ನೋಡಿ

ಸಾಧಾರಣ ಮಿಲ್ಕ್ ಚಾಕೊಲೇಟಿನ 100 ಗ್ರಾಂನಲ್ಲಿ ಸುಮಾರು 535 ಕಿಲೊಕ್ಯಾಲರಿ, 30 ಗ್ರಾಂ ಕೊಬ್ಬು (ಅದರಲ್ಲಿ 18 ಗ್ರಾಂ ಸ್ಯಾಚುರೇಟೆಡ್), 59 ಗ್ರಾಂ ಕಾರ್ಬೊಹೈಡ್ರೇಟ್ (ಅದರಲ್ಲಿ 52 ಗ್ರಾಂ ಸಕ್ಕರೆ) ಮತ್ತು 8 ಗ್ರಾಂ ಪ್ರೋಟೀನ್ ಇರುತ್ತದೆ. ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ನಾಲ್ಕಾರು ಗ್ರಾಂ ಅತ್ತಿತ್ತ.

ಒಂದು ಗ್ರಾಂ ಕೊಬ್ಬಿಗೆ 9 ಕಿಲೊಕ್ಯಾಲರಿ, ಕಾರ್ಬೊಹೈಡ್ರೇಟಿಗೂ ಪ್ರೋಟೀನಿಗೂ 4. ಕೊಬ್ಬಿನಿಂದ 30 ಗುಣಿಸು 9 ಅಂದರೆ 270. ಕಾರ್ಬೊಹೈಡ್ರೇಟಿನಿಂದ 236. ಪ್ರೋಟೀನಿನಿಂದ 32. ಒಟ್ಟು 538, ಲೇಬಲಿನ ಅಂಕಿಗೆ ಹತ್ತಿರ ಬಂತು. ಈ ಕೂಡಿಕೆಯಿಂದ ಒಂದು ಸಂಗತಿ ಎದ್ದು ಕಾಣುತ್ತದೆ: ಬಾರ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ, ಆದರೆ ಕ್ಯಾಲರಿಯಲ್ಲಿ ಅರ್ಧ ಬರುವುದು ಕೊಬ್ಬಿನಿಂದ. ‘ಸಕ್ಕರೆ ಕಡಿಮೆ ಮಾಡಿದ್ದೇವೆ’ ಎಂದ ಮಾತ್ರಕ್ಕೆ ಕ್ಯಾಲರಿ ಇಳಿಯದಿರುವುದು ಇದಕ್ಕೇ.

ಪ್ರೋಟೀನ್ 8 ಗ್ರಾಂ ಎಂದು ಖುಷಿಪಡುವವರಿಗೆ: ಅದು 100 ಗ್ರಾಂಗೆ. 40 ಗ್ರಾಂ ಬಾರ್‌ನಲ್ಲಿ ಮೂರು ಗ್ರಾಂ. ಕ್ಯಾಲ್ಸಿಯಂ ಕಥೆಯೂ ಅಷ್ಟೇ. 100 ಗ್ರಾಂಗೆ ಸುಮಾರು 190 ಮಿಲಿಗ್ರಾಂ ಇದ್ದರೆ 40 ಗ್ರಾಂಗೆ 75ರ ಆಸುಪಾಸು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000. ಮುಂಬದಿಯ ಹಾಲಿನ ಲೋಟದ ಚಿತ್ರಕ್ಕೆ ಇಷ್ಟೇ ಬೆಲೆ.

ಸಕ್ಕರೆಗೆ ಎರಡು ಸಾಲು

ಲೇಬಲಿನಲ್ಲಿ ‘ಟೋಟಲ್ ಶುಗರ್ಸ್’ ಒಂದು ಸಾಲು, ‘ಆಡೆಡ್ ಶುಗರ್ಸ್’ ಇನ್ನೊಂದು. ಹಾಲಿನಲ್ಲಿ ಹುಟ್ಟಿನಿಂದಲೇ ಇರುವ ಲ್ಯಾಕ್ಟೋಸ್ ಮೊದಲನೆಯದರಲ್ಲಿ ಸೇರಿರುತ್ತದೆ, ಎರಡನೆಯದರಲ್ಲಿ ಇಲ್ಲ. ಮೇಲಿನ ಉದಾಹರಣೆಯ 52 ಗ್ರಾಂನಲ್ಲಿ ಏಳೆಂಟು ಗ್ರಾಂ ಹಾಲಿನದ್ದು, ಮಿಕ್ಕ 44ರಷ್ಟು ಕಾರ್ಖಾನೆಯಲ್ಲಿ ಸುರಿದದ್ದು. ನಿಮಗೆ ಬೇಕಾದದ್ದು ಈ ಎರಡನೇ ಸಾಲು. 40 ಗ್ರಾಂ ಬಾರ್‌ಗೆ ಅದು 18 ಗ್ರಾಂ, ಅಂದರೆ ನಾಲ್ಕೂವರೆ ಚಮಚ ಸಕ್ಕರೆ.

50 ಗ್ರಾಂ ಮಿತಿಯ ಲೆಕ್ಕದಲ್ಲಿ ಇದು ದೊಡ್ಡದಲ್ಲ ಎನಿಸಬಹುದು. ಬೆಳಿಗ್ಗೆ ಸಂಜೆ ಎರಡೆರಡು ಚಮಚ ಸಕ್ಕರೆಯ ಕಾಫಿ ಕುಡಿಯುವವರಿಗೆ ಅಲ್ಲೇ 16 ಗ್ರಾಂ ಆಯಿತು. ಬಾರ್ ಸೇರಿಸಿದರೆ 34. ಇನ್ನು ಬಿಸ್ಕತ್ತು, ಬ್ರೆಡ್ಡಿನ ಜೊತೆಯ ಜಾಮ್ ಬಾಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇಂಥ ಸಕ್ಕರೆಯಿಂದ ಬರಲಿ, ಶೇ 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು ಎಂದು. 2000 ಕಿಲೊಕ್ಯಾಲರಿಯಲ್ಲಿ ಶೇ 5 ಎಂದರೆ 25 ಗ್ರಾಂ. ಆ ಅಳತೆ ಹಿಡಿದರೆ ಕಾಫಿ ಮತ್ತು ಬಾರ್ ಎರಡೂ ಒಂದೇ ದಿನಕ್ಕೆ ಹಿಡಿಸುವುದಿಲ್ಲ.

ಕೊಬ್ಬು: ಇಲ್ಲಿ ಸ್ವಲ್ಪ ನಿಲ್ಲಿ

ಸಕ್ಕರೆ ಎಲ್ಲಿಂದ ಬಂದರೂ ಸಕ್ಕರೆಯೇ. ಕೊಬ್ಬು ಹಾಗಲ್ಲ. ಚಾಕೊಲೇಟ್ ಯಾವುದು, ಚಾಕೊಲೇಟ್ ವೇಷ ಹಾಕಿದ್ದು ಯಾವುದು ಎಂದು ಗೊತ್ತಾಗುವುದು ಈ ಸಾಲಿನಲ್ಲಿ.

ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಕೋಕೊ ಬೆಳೆಯುವವರಿಗೆ ಇದರ ಮೂಲ ಗೊತ್ತು. ಕಾಯಿ ಒಡೆದರೆ ಒಳಗೆ ಬಿಳಿ ಲೋಳೆಯಲ್ಲಿ ಅದ್ದಿದಂಥ ಬೀಜ. ಅದನ್ನು ರಾಶಿ ಹಾಕಿ ಐದಾರು ದಿನ ಹುಳಿಯಲು ಬಿಟ್ಟು, ಒಣಗಿಸಿ ಕಾರ್ಖಾನೆಗೆ ಕೊಡುತ್ತಾರೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದೇ ಈ ಬೀಜಕ್ಕೆ ಮಾರುಕಟ್ಟೆ ಒದಗಿಸಲು. ಹುರಿದ ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು. ಅದನ್ನು ಒತ್ತಿ ತೆಗೆದರೆ ಕೋಕೊ ಬಟರ್, ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೋಕೊ ಪೌಡರ್. ಚಾಕೊಲೇಟಿನಲ್ಲಿ ದುಬಾರಿ ಪದಾರ್ಥವೆಂದರೆ ಈ ಬಟರ್. ಯಾರಿಗಾದರೂ ಖರ್ಚು ಉಳಿಸಬೇಕಿದ್ದರೆ ಮೊದಲು ಕೈ ಹಾಕುವುದು ಅದಕ್ಕೇ.

ಅದರ ಜಾಗಕ್ಕೆ ಬರುವುದು ಪಾಮ್ ಕರ್ನಲ್ (ತಾಳೆ ಬೀಜದ) ಎಣ್ಣೆ ಅಥವಾ ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್, ಅಂದರೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಸಸ್ಯದ ಎಣ್ಣೆ. ಇದಕ್ಕೆ ಕೋಕೊ ಪೌಡರ್, ಸಕ್ಕರೆ ಕಲಸಿ ಮಾಡಿದ್ದನ್ನು ವ್ಯಾಪಾರದವರು ‘ಕಾಂಪೌಂಡ್’ ಎನ್ನುತ್ತಾರೆ. ಕರಗಿಸಿ ಅಚ್ಚಿಗೆ ಸುರಿದರೆ ಸಾಕು, ಸುಮ್ಮನೆ ಗಟ್ಟಿಯಾಗುತ್ತದೆ. ಕೋಕೊ ಬಟರ್‌ನಂತೆ ಹದವಾದ ತಾಪದಲ್ಲಿ ಪಳಗಿಸಬೇಕಿಲ್ಲ. ಮಡಿಕೇರಿ, ಊಟಿ ಅಂಗಡಿಗಳಲ್ಲಿ ಪಾರದರ್ಶಕ ಕವರ್‌ನಲ್ಲಿ ತೂಗಿ ಕೊಡುವ ‘ಹೋಮ್‌ಮೇಡ್’ ಚಾಕೊಲೇಟುಗಳಲ್ಲಿ ಎಷ್ಟೋ ಈ ಕಾಂಪೌಂಡ್ ಗಟ್ಟಿಯನ್ನೇ ಕರಗಿಸಿ ಮಾಡಿದವು. ತಿನ್ನಬೇಡಿ ಎಂದು ಹೇಳುತ್ತಿಲ್ಲ. ‘ಕಾಂಪೌಂಡಾ, ಕೋಕೊ ಬಟರ್ರಾ?’ ಎಂದು ಕೇಳಿ, ಅದಕ್ಕೆ ತಕ್ಕ ಬೆಲೆ ಕೊಡಿ.

ಲೇಬಲ್ ಇದ್ದರೆ ಕೇಳುವ ಅಗತ್ಯವೂ ಇಲ್ಲ. ಸ್ಯಾಚುರೇಟೆಡ್ ಕೊಬ್ಬನ್ನು ಒಟ್ಟು ಕೊಬ್ಬಿನಿಂದ ಭಾಗಿಸಿ. ಕೋಕೊ ಬಟರ್ ಮತ್ತು ಹಾಲಿನ ಕೊಬ್ಬು ಎರಡರಲ್ಲೂ ಸ್ಯಾಚುರೇಟೆಡ್ ಪಾಲು ಶೇ 60ರ ಅಕ್ಕಪಕ್ಕ. ನಮ್ಮ ಉದಾಹರಣೆಯಲ್ಲಿ 18ನ್ನು 30ರಿಂದ ಭಾಗಿಸಿದರೆ ಸರಿಯಾಗಿ ಶೇ 60. ಅದೇ ಭಾಗಲಬ್ಧ ಶೇ 85–90 ಬಂದರೆ, ಒಳಗಿರುವುದು ಬಹುತೇಕ ಪಾಮ್ ಕರ್ನಲ್ ಅಥವಾ ಹೈಡ್ರೋಜನೇಟ್ ಮಾಡಿದ ಎಣ್ಣೆ. ಈ ಉಪಾಯಕ್ಕೊಂದು ಮಿತಿ ಇದೆ: ಬಾದಾಮಿ, ಕಡಲೆಕಾಯಿ ಬಿದ್ದ ಬಾರ್‌ನಲ್ಲಿ ಬೀಜದ ಎಣ್ಣೆ ಸೇರಿ ಪಾಲು ಇಳಿಯುತ್ತದೆ, ಸಾದಾ ಪಾಮ್ ಎಣ್ಣೆ ಬಳಸಿದ್ದರೂ ಇಳಿಯುತ್ತದೆ. ಹಾಗಾಗಿ ಪದಾರ್ಥಗಳ ಪಟ್ಟಿಯನ್ನೂ ಒಟ್ಟಿಗೆ ನೋಡಬೇಕು.

ಆರೋಗ್ಯದ ದೃಷ್ಟಿಯಿಂದ ವ್ಯತ್ಯಾಸ ಏನು? ಕೋಕೊ ಬಟರ್‌ನ ಮೂರನೇ ಒಂದು ಭಾಗ ಸ್ಟಿಯರಿಕ್ ಆಮ್ಲ. ಅದು ಸ್ಯಾಚುರೇಟೆಡ್ ಗುಂಪಿನದ್ದೇ ಆದರೂ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಗುಂಪಿನ ಉಳಿದವರಂತೆ ಏರಿಸುವುದಿಲ್ಲ. ಪಾಮ್ ಕರ್ನಲ್‌ನಲ್ಲಿ ಹೆಚ್ಚಿರುವ ಲಾರಿಕ್ ಆಮ್ಲ ಏರಿಸುತ್ತದೆ. ಹಾಗೆಂದು ಕೋಕೊ ಬಟರ್ ಔಷಧಿಯಲ್ಲ. ಅದರಲ್ಲಿ ಎಲ್‌ಡಿಎಲ್ ಏರಿಸುವ ಪಾಮಿಟಿಕ್ ಆಮ್ಲವೂ ಸಾಕಷ್ಟಿದೆ. 40 ಗ್ರಾಂ ಮಿಲ್ಕ್ ಚಾಕೊಲೇಟ್ ತಿಂದರೆ 7 ಗ್ರಾಂ ಸ್ಯಾಚುರೇಟೆಡ್, ದಿನದ 22ರಲ್ಲಿ ಮೂರನೇ ಒಂದು.

‘ಟ್ರಾನ್ಸ್ ಫ್ಯಾಟ್ 0’ ಎಂಬುದನ್ನು ಕಂಡು ನಿಟ್ಟುಸಿರು ಬಿಡಬೇಡಿ. 2022ರ ಜನವರಿಯಿಂದ ನಮ್ಮಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಒಟ್ಟು ಎಣ್ಣೆ–ಕೊಬ್ಬಿನ ಶೇ 2 ಮೀರುವಂತಿಲ್ಲ. ಎಣ್ಣೆಯನ್ನು ಅರೆಬರೆ ಹೈಡ್ರೋಜನೇಟ್ ಮಾಡಿದರೆ ಟ್ರಾನ್ಸ್ ಹುಟ್ಟುತ್ತದೆ. ಪೂರ್ತಿ ಮಾಡಿದರೆ ಅದು ಸ್ಯಾಚುರೇಟೆಡ್ ಆಗಿಬಿಡುತ್ತದೆ. ಒಂದು ಸಾಲಿನಿಂದ ಮಾಯವಾದದ್ದು ಮೇಲಿನ ಸಾಲಿನಲ್ಲಿ ಕೂತಿರಬಹುದು.

ಪದಾರ್ಥಗಳ ಪಟ್ಟಿ

ಇಲ್ಲಿ ನಿಯಮ ಸರಳ. ತೂಕ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಮಿಲ್ಕ್ ಚಾಕೊಲೇಟಿನಲ್ಲಿ ಮೊದಲ ಹೆಸರು ಬಹುತೇಕ ಸಕ್ಕರೆಯದ್ದೇ. ಆಮೇಲೆ ಮಿಲ್ಕ್ ಸಾಲಿಡ್ಸ್ (ನೀರು ತೆಗೆದ ಹಾಲು), ಕೋಕೊ ಬಟರ್, ಕೋಕೊ ಸಾಲಿಡ್ಸ್ (ಕೋಕೊದ ಗಟ್ಟಿ ಭಾಗ). ಎರಡನೇ ಜಾಗದಲ್ಲಿ ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಕೂತು, ಕೋಕೊ ಸಾಲಿಡ್ಸ್ ಎಲ್ಲೋ ಬಾಲದಲ್ಲಿ ಇದ್ದರೆ ಅದು ಕಾಂಪೌಂಡ್. ‘ಚಾಕೊ’, ‘ಚಾಕೊಲೇಟಿ’ ಎಂಬಂಥ ಹೆಸರು ಕಂಡಾಗಲೂ ಈ ಪಟ್ಟಿಗೆ ಬನ್ನಿ.

ನಮ್ಮ ಕಾನೂನಿನ ಪ್ರಕಾರ ಮಿಲ್ಕ್ ಚಾಕೊಲೇಟ್ ಅನ್ನಿಸಿಕೊಳ್ಳಲು ಕೊಬ್ಬು ತೆಗೆದ ಲೆಕ್ಕದಲ್ಲಿ ಬೇಕಾದ ಕೋಕೊ ಸಾಲಿಡ್ಸ್ ಕನಿಷ್ಠ ಶೇ 2.5 ಮಾತ್ರ. ಪ್ಲೇನ್ ಚಾಕೊಲೇಟಿಗೆ ಶೇ 12. ಎರಡೂವರೆ ಅಂದರೆ ಮೂಗಿಗೆ ತುಪ್ಪ ಸವರಿದಷ್ಟು. ಚಾಕೊಲೇಟ್ ಒಳ್ಳೆಯದೆಂಬ ಸುದ್ದಿಗಳೆಲ್ಲ ಕೋಕೊ ಕುರಿತವು. ನಾವು ತಿನ್ನುವುದರಲ್ಲಿ ಅದು ಎಷ್ಟಿದೆ ಎಂಬುದನ್ನು ಈ ಅಂಕಿಯೇ ಹೇಳುತ್ತದೆ. ವೈಟ್ ಚಾಕೊಲೇಟಿನಲ್ಲಂತೂ ಇರುವುದು ಬಟರ್ ಒಂದೇ, ಕಂದು ಭಾಗ ಇಲ್ಲವೇ ಇಲ್ಲ.

442, 476, 322 ಎಂಬ ಸಂಖ್ಯೆಗಳಿಗೆ ಗಾಬರಿ ಬೇಡ. ಮೂರೂ ಎಮಲ್ಸಿಫೈಯರ್‌ಗಳು, ಮಿಶ್ರಣ ಸಲೀಸಾಗಿ ಹರಿಯಲೆಂದು ಹಾಕುವಂಥವು. 322 ಎಂದರೆ ಲೆಸಿಥಿನ್, ಸಾಮಾನ್ಯವಾಗಿ ಸೋಯಾದ್ದು. ಅಲರ್ಜಿ ಇರುವವರು ಮಾತ್ರ ಕೆಳಗಿನ ‘ಕಂಟೇನ್ಸ್’ ಸಾಲನ್ನು ಬಿಡದೆ ಓದಬೇಕು: ಹಾಲು, ಸೋಯಾ, ಗೋಧಿ, ಬೀಜಗಳು.

ಡಾರ್ಕ್ ಅಂದರೆ ಡಯಟ್ ಅಲ್ಲ

ಶೇ 70 ಎಂದು ಬರೆದಿದ್ದರೆ ಕೋಕೊ ಬೀಜದಿಂದ ಬಂದದ್ದೆಲ್ಲ, ಅಂದರೆ ಕಂದು ಪುಡಿ ಮತ್ತು ಬಟರ್ ಎರಡೂ ಸೇರಿ 70. ಉಳಿದ 30 ಹೆಚ್ಚುಕಡಿಮೆ ಸಕ್ಕರೆಯೇ. ಡಾರ್ಕ್ ಬಾರ್ ಹಿಡಿದಾಗ 100ರಿಂದ ಕೋಕೊ ಶೇಕಡ ಕಳೆದರೆ ಸಕ್ಕರೆಯ ಅಂದಾಜು ಸಿಕ್ಕಿಬಿಡುತ್ತದೆ. ಮಿಲ್ಕ್ ಚಾಕೊಲೇಟಿಗೆ ಈ ಕಳೆಯುವ ಲೆಕ್ಕ ನಡೆಯದು, ನಡುವೆ ಹಾಲು ಇದೆ.

ಸಕ್ಕರೆ ಇಳಿದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಶೇ 70–85ರ ಡಾರ್ಕ್ ಚಾಕೊಲೇಟಿನ 100 ಗ್ರಾಂನಲ್ಲಿ ಸುಮಾರು 600 ಕಿಲೊಕ್ಯಾಲರಿ, 43 ಗ್ರಾಂ ಕೊಬ್ಬು, 24 ಗ್ರಾಂ ಸಕ್ಕರೆ, 11 ಗ್ರಾಂ ನಾರು. 40 ಗ್ರಾಂಗೆ ಇಳಿಸಿದರೆ 240 ಕಿಲೊಕ್ಯಾಲರಿ. ಅಷ್ಟೇ ತೂಕದ ಮಿಲ್ಕ್ ಚಾಕೊಲೇಟಿನಲ್ಲಿ 214. ಡಾರ್ಕ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬು 10 ಗ್ರಾಂ ಹತ್ತಿರ, ದಿನದ ಮಿತಿಯ ಅರ್ಧಕ್ಕೆ ಸ್ವಲ್ಪ ಕಡಿಮೆ. ತೂಕ ಇಳಿಸಲೆಂದು ಡಾರ್ಕ್‌ಗೆ ಬದಲಾಯಿಸಿದವರು ಇದನ್ನು ಗಮನಿಸಬೇಕು. ಅದರ ನಿಜವಾದ ಲಾಭ ಬೇರೆ: ಸಕ್ಕರೆ ಅರ್ಧಕ್ಕಿಂತ ಕಡಿಮೆ, ನಾರು ಇದೆ, ಮತ್ತು ಕಹಿಯಿಂದಾಗಿ ಎರಡು ತುಂಡಿಗೆ ಬಾಯಿ ಸಾಕೆನ್ನುತ್ತದೆ.

ಕಬ್ಬಿಣವೂ ಚೆನ್ನಾಗಿದೆ, 100 ಗ್ರಾಂಗೆ 12 ಮಿಲಿಗ್ರಾಂನಷ್ಟು. ಆದರೆ ಕೋಕೊದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಂಶಗಳೇ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಪೂರ್ತಿ ಸಿಗದಂತೆ ಮಾಡುತ್ತವೆ. ರಕ್ತಹೀನತೆಗೆ ಡಾರ್ಕ್ ಚಾಕೊಲೇಟ್ ಎಂಬ ವಾಟ್ಸ್‌ಆ್ಯಪ್ ಸಲಹೆ ಬಂದರೆ ಮುಂದಕ್ಕೆ ಕಳಿಸಬೇಡಿ.

ಹೃದಯಕ್ಕೆ ಒಳ್ಳೆಯದೆಂಬ ಮಾತು ಈ ಪಾಲಿಫಿನಾಲ್‌ಗಳಲ್ಲೇ ಒಂದು ಬಗೆಯಾದ ಫ್ಲೇವನಾಲ್‌ಗಳ ಕುರಿತದ್ದು. ದಿನಕ್ಕೆ 200 ಮಿಲಿಗ್ರಾಂ ಕೋಕೊ ಫ್ಲೇವನಾಲ್ ರಕ್ತನಾಳಗಳ ಹಿಗ್ಗುವ ಗುಣಕ್ಕೆ ಸಹಾಯಕ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿತು. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಕಾಸ್ಮೋಸ್ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೊಟ್ಟರು. ಹೃದಯರೋಗದ ಸಾವು ಕಡಿಮೆಯಾಯಿತು, ಆದರೆ ಅಧ್ಯಯನ ಮುಖ್ಯವಾಗಿ ಅಳೆಯಹೊರಟಿದ್ದ ಒಟ್ಟು ಹೃದಯ–ರಕ್ತನಾಳ ತೊಂದರೆಗಳಲ್ಲಿ ಖಚಿತ ಇಳಿಕೆ ಕಾಣಲಿಲ್ಲ. ಅವರು ನುಂಗಿದ್ದು ಸಾರದ ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ. ನಮ್ಮ ಬಾರ್‌ನಲ್ಲಿ ಫ್ಲೇವನಾಲ್ ಎಷ್ಟೆಂದು ರ‍್ಯಾಪರ್ ಹೇಳುವುದೂ ಇಲ್ಲ. ಬೀಜ ಹುಳಿಸುವಾಗ, ಹುರಿಯುವಾಗ ಅದು ಕಳೆಯುತ್ತಾ ಹೋಗುತ್ತದೆ. ಬಣ್ಣ ಗಾಢವಾಗಲೆಂದು ಕ್ಷಾರ ಸೇರಿಸಿದರೆ ಇನ್ನಷ್ಟು. ಶೇ 70 ಎಂಬ ಅಂಕಿಯಿಂದ ಇದನ್ನು ಊಹಿಸಲಾಗದು.

ಡಾರ್ಕ್‌ಗೆ ಇನ್ನೊಂದು ಮಗ್ಗುಲೂ ಇದೆ. 2022ರ ಕೊನೆಗೆ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 28 ಡಾರ್ಕ್ ಬಾರ್‌ಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಸೀಸ ಮತ್ತು ಕ್ಯಾಡ್ಮಿಯಂ ಸಿಕ್ಕಿತು. 23ರಲ್ಲಿ, ದಿನಕ್ಕೆ ಒಂದು ಔನ್ಸ್ (ಸುಮಾರು 28 ಗ್ರಾಂ) ತಿಂದರೂ ಇವೆರಡರಲ್ಲಿ ಒಂದಾದರೂ ಸಂಸ್ಥೆ ಇಟ್ಟುಕೊಂಡಿದ್ದ ಬಿಗಿಯಾದ ಮಿತಿಯನ್ನು ಮೀರುತ್ತಿತ್ತು. ಕ್ಯಾಡ್ಮಿಯಂ ಮಣ್ಣಿನಿಂದ ಬೇರಿನ ಮೂಲಕ ಬೀಜಕ್ಕೆ ಏರುತ್ತದೆ, ಸೀಸ ಒಣಗಿಸುವಾಗ ಧೂಳಿನಿಂದ ಸಿಪ್ಪೆಗೆ ಅಂಟುತ್ತದೆ. ಅಪರೂಪಕ್ಕೆ ತಿನ್ನುವವರಿಗೆ ಚಿಂತೆಯಿಲ್ಲ. ಗರ್ಭಿಣಿಯರು ಮತ್ತು ಮಕ್ಕಳಿಗೆ ಮಾತ್ರ ‘ಆರೋಗ್ಯಕ್ಕೆ’ ಎಂದು ದಿನವೂ ಕೊಡುವ ಅಭ್ಯಾಸ ಬೇಡ. ಮನೆಯಲ್ಲಿ ನಾಯಿ ಇದ್ದರೆ ಯಾವ ಚಾಕೊಲೇಟೂ ಬೇಡ, ಡಾರ್ಕ್ ಅಂತೂ ಖಂಡಿತ ಬೇಡ: ಅದರ ಥಿಯೊಬ್ರೊಮಿನ್ ನಾಯಿಗೆ ವಿಷ.

ಸಕ್ಕರೆ ಕಾಯಿಲೆಯವರ ಚಾಕೊಲೇಟ್

‘ಶುಗರ್ ಫ್ರೀ’, ‘ನೋ ಆಡೆಡ್ ಶುಗರ್’ ಬಾರ್‌ಗಳಲ್ಲಿ ಸಕ್ಕರೆಯ ಬದಲು ಹೆಚ್ಚಾಗಿ ಇರುವುದು ಮಾಲ್ಟಿಟಾಲ್, ಪಟ್ಟಿಯಲ್ಲಿ 965. ಸಕ್ಕರೆ ಗ್ರಾಂಗೆ 4 ಕಿಲೊಕ್ಯಾಲರಿ ಕೊಟ್ಟರೆ ಇದು 2.4ರಷ್ಟು. 45 ಗ್ರಾಂ ಸಕ್ಕರೆ ತೆಗೆದು ಇದನ್ನು ಹಾಕಿದರೆ ಆಗುವ ಉಳಿತಾಯ 70 ಚಿಲ್ಲರೆ ಕಿಲೊಕ್ಯಾಲರಿ. 535 ಇದ್ದದ್ದು 460ಕ್ಕೆ ಇಳಿದೀತು. ಕೊಬ್ಬು ಇದ್ದಲ್ಲೇ ಇರುತ್ತದೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ, ಏರಿಸುವುದೇ ಇಲ್ಲ ಎಂದಲ್ಲ. ಆದ್ದರಿಂದ ಮಧುಮೇಹಿಗಳು ‘ಶುಗರ್ಸ್ 0’ ಸಾಲಿಗೆ ಮರುಳಾಗದೆ ಅದರ ಮೇಲಿನ ಕಾರ್ಬೊಹೈಡ್ರೇಟ್ ಸಾಲು ನೋಡಬೇಕು. ಹೆಚ್ಚು ತಿಂದರೆ ಹೊಟ್ಟೆ ಸಡಿಲವಾಗುತ್ತದೆ ಎಂಬ ಎಚ್ಚರಿಕೆ ಅಲ್ಲೇ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದು ಉತ್ಪ್ರೇಕ್ಷೆಯಲ್ಲ.

ಲೇಬಲ್ಲೇ ಇಲ್ಲದ ಟಾಫಿ

ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಹಂಚುವ ಒಂದೆರಡು ರೂಪಾಯಿಯ ಎಕ್ಲೇರ್ಸ್ ಮೇಲೆ ಏನೂ ಬರೆದಿರುವುದಿಲ್ಲ. ಹೊದಿಕೆಯ ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದಿದ್ದರೆ ಪದಾರ್ಥ ಮತ್ತು ಪೋಷಕಾಂಶದ ಪಟ್ಟಿ ಹಾಕದಿರಲು ವಿನಾಯಿತಿ ಇದೆ. ಆದರೆ ದೊಡ್ಡ ಪೊಟ್ಟಣ ಅಥವಾ ಡಬ್ಬಿಯ ಮೇಲೆ ಹಾಕಲೇಬೇಕು. ಅಂಗಡಿಯವರ ಹತ್ತಿರ ಆ ಜಾರ್ ಕೇಳಿ, ತಿರುಗಿಸಿ ಓದಿ. ಕಾಣುವುದು ಬಹುತೇಕ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ವೆಜಿಟೆಬಲ್ ಫ್ಯಾಟ್, ಹಾಲಿನ ಪುಡಿ, ಕೊನೆಗೆ ಒಂದಿಷ್ಟು ಕೋಕೊ. ಒಂದು ಟಾಫಿಗೆ 20–25 ಕಿಲೊಕ್ಯಾಲರಿ ಅಷ್ಟೇ. ತೊಂದರೆ ಕ್ಯಾಲರಿಯದ್ದಲ್ಲ, ಹಲ್ಲಿನ ಸಂದಿಯಲ್ಲಿ ಬಹಳ ಹೊತ್ತು ಅಂಟಿಕೊಂಡಿರುವ ಸಕ್ಕರೆಯದ್ದು. ಬಾಯಿ ಮುಕ್ಕಳಿಸಿ ಎಂದು ಮಕ್ಕಳಿಗೆ ಹೇಳಿಕೊಡಿ.

ಲೆಕ್ಕ ಮಾಡಿದ ಮೇಲೆ

ಬಾರ್‌ನಲ್ಲಿ ಎಷ್ಟು ತುಂಡುಗಳ ಗೆರೆ ಇದೆ ಎಂದು ಎಣಿಸಿ, ತೂಕವನ್ನು ಅದರಿಂದ ಭಾಗಿಸಿ. 40 ಗ್ರಾಂ, ಎಂಟು ತುಂಡು ಎಂದರೆ ತುಂಡಿಗೆ 5 ಗ್ರಾಂ: ಸುಮಾರು 27 ಕಿಲೊಕ್ಯಾಲರಿ, ಅರ್ಧ ಚಮಚಕ್ಕೆ ಸ್ವಲ್ಪ ಹೆಚ್ಚು ಸಕ್ಕರೆ. ಇದೊಂದನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ಬೇಡ.

ಉಳಿದ ತುಂಡುಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬರುತ್ತದೆ. ಕೋಕೊ ಬಟರ್ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಆದ್ದರಿಂದ ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಫ್ರಿಜ್ ಬಿಟ್ಟರೆ ಗತಿಯಿಲ್ಲ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪುಡಿ ಹರಡಿದಂತೆ ಕಾಣುವುದು ಬೂಷ್ಟಲ್ಲ, ಮೇಲಕ್ಕೆ ಬಂದ ಕೊಬ್ಬು, ತಿನ್ನಬಹುದು. ಈ ಬಟರ್ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಮರುದಿನದ ಚಾಕೊಲೇಟಿಗೆ ಇಂಗಿನ ಒಗ್ಗರಣೆಯ ಘಮ ಬಂದಿರುತ್ತದೆ.